ನಮ್ಮ ಜಗಲಿಯಿಂದ: ದೆವ್ವದ ಮನೆಯಲ್ಲಿ ಎಂಟು ಒಂಟೆಗಳು



ಈ ಸಲ ಹಿತ್ತಿಲ ತರಕಾರಿಯ ಬಗ್ಗೆ ಬರೆಯುತ್ತೇವೆಂದು ಕಳೆದ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆವು. ಮಾತಿಗೆ ತಪ್ಪುತ್ತಿದ್ದೇವೆ. ಕಾರಣ, ರಾಜ್ಯೋತ್ಸವದ ಕೂಟದ ಊಟದ ಸಾಲು. ಬಿಸಿಬೇಳೆಬಾತಿನ ಪಾತ್ರೆಗೆ ಇನ್ನೂ ಐದಾರು ಜನ ದೂರವಿದ್ದಾಗ ನಮ್ಮ ಹಿಂದೆ ನಿಂತಿದ್ದ ತಾಯಿಯೊಬ್ಬರು ತಮ್ಮ ಗೋಳು ತೋಡಿಕೊಂಡರು. "ನಮ್ಮ ಹುಡುಗ ಕಂಪ್ಯೂಟರ್ ಆಟ ಬಿಟ್ಟು ಏಳೋದೇ ಇಲ್ಲ. ಊರಿಂದ ಅತ್ತೆಯವರು ಬಂದಿದ್ದಾರೆ. ಅವರ ಹತ್ತಿರ ನಾಲ್ಕು ಮಾತಿಲ್ಲ, ಕತೆಯಿಲ್ಲ. ನೀವು ಹಿರಿಯರು, ನಿಮ್ಮ ಅಂಕಣದಲ್ಲಿ ನಾಲ್ಕು ಬುದ್ಧಿಮಾತು ಬರೀರಿ" ಎಂದರು. ಹಿರಿಯರು ಎಂದು ಕರೆಸಿಕೊಂಡ ಸಂಭ್ರಮದಲ್ಲಿ ಆಗಲಿ ಎಂದುಬಿಟ್ಟೆವು. ಮನೆಗೆ ಬಂದು ಬರೆಯಲು ಕುಳಿತಾಗ ನಮಗೆ ಆ ಅರ್ಹತೆ ಇಲ್ಲವೆಂಬುದು ನೆನಪಾಯಿತು. ಅಂಥದೇ ಒಂದು ಆಟವನ್ನು ಒಂದು ಕಾಲದಲ್ಲಿ ನಾವೇ ದುಡ್ಡು ಕೊಟ್ಟು ಮನೆಗೆ ತಂದಿದ್ದೆವು. ಬುದ್ಧಿಮಾತಿನ ಬದಲು ಆ ಕತೆಯನ್ನೇ ಹೇಳಿಬಿಡುತ್ತೇವೆ.

1993ನೆಯ ಇಸವಿ. ನಮ್ಮ ತಾಯಿ ತೀರಿಕೊಂಡು ವರ್ಷ ತುಂಬಿತ್ತು. ಮೈಸೂರಿನಲ್ಲಿ ಒಬ್ಬರೇ ಇದ್ದ ನಮ್ಮ ತಂದೆಯವರನ್ನು ಆರು ತಿಂಗಳ ಮಟ್ಟಿಗೆ ಇಲ್ಲಿಗೆ ಕರೆಸಿಕೊಂಡೆವು. ಅಕ್ಟೋಬರಿನಲ್ಲಿ ಬಂದರು. ಅಣ್ಣ ಹೈಸ್ಕೂಲಿನಲ್ಲಿ 34 ವರ್ಷ ಗಣಿತವನ್ನೂ ಇಂಗ್ಲಿಷನ್ನೂ ಪಾಠ ಹೇಳಿದವರು. ಸುಮ್ಮನೆ ಕೂರುವ ಜೀವವಲ್ಲ. ಆದರೆ ಇಲ್ಲಿಯ ಚಳಿಗಾಲ ಹೇಗೆಂದು ನಿಮಗೆ ಹೇಳಬೇಕೆ? ಬೆಳಿಗ್ಗೆ ಏಳೂವರೆಗೆ ನಾವಿಬ್ಬರೂ ಕೆಲಸಕ್ಕೆ, ಹುಡುಗ ಸ್ಕೂಲ್ ಬಸ್ಸಿಗೆ. ಸಂಜೆ ಆರಕ್ಕೆ ಮರಳುವ ತನಕ ಅವರು, ಕಿಟಕಿ, ಕಿಟಕಿಯಾಚೆಗಿನ ಹಿಮ. ಟಪಾಲು ಬರುವುದು ಒಂದೇ ಸಲವಾದರೂ ದಿನಕ್ಕೆ ಮೂರು ಸಲ ಟಪಾಲು ಡಬ್ಬಿ ತೆರೆದು ನೋಡಿ ಬರುತ್ತಿದ್ದರು. ಮೊಮ್ಮಗ ಆಗ ಹನ್ನೊಂದು ವರ್ಷದವನು. ತಾತನ ಕನ್ನಡ ಅವನಿಗೆ ಅರ್ಧ ತಿಳಿಯುತ್ತಿತ್ತು, ಅವನ ಅಮೆರಿಕದ ಇಂಗ್ಲಿಷು ಇಂಗ್ಲಿಷ್ ಮೇಷ್ಟರಾದ ತಾತನಿಗೆ ಅರ್ಧ ತಿಳಿಯುತ್ತಿತ್ತು. ಡಿಸೆಂಬರಿನಲ್ಲಿ ಒಂದು ರಾತ್ರಿ ಊಟ ಮಾಡುತ್ತ, "ಟಿಕೆಟ್ಟನ್ನ ಸ್ವಲ್ಪ ಮುಂಚೆಗೆ ಮಾಡಿಸೋಕ್ಕಾಗುತ್ತೇನಪ್ಪ? ಶಿವರಾತ್ರಿ ಹೊತ್ತಿಗೆ ಊರಲ್ಲಿರೋಣ ಅಂತ" ಎಂದರು. ವಿಚಾರಿಸುತ್ತೇವೆ ಎಂದು ಹೇಳಿ ವಿಚಾರಿಸದೆ ಉಳಿದೆವು.

ಆಟ ಬಂದದ್ದು ಅದೇ ಕ್ರಿಸ್ಮಸ್ ರಜದಲ್ಲಿ. ನಿಜ ಹೇಳುವುದಾದರೆ, ಹುಡುಗ ಗಲಾಟೆ ಮಾಡದೆ ಒಂದು ಕಡೆ ಕೂತಿರಲಿ ಎಂದೇ ತಂದದ್ದು. ಹೆಸರು 'ದಿ ಸೆವೆಂತ್ ಗೆಸ್ಟ್', ಏಳನೆಯ ಅತಿಥಿ. ಆ ವರ್ಷದ ಏಪ್ರಿಲ್‌ನಲ್ಲಷ್ಟೇ ಮಾರಾಟಕ್ಕೆ ಬಂದಿತ್ತು. ಮಾಡಿದವರು ರಾಬ್ ಲ್ಯಾಂಡರೋಸ್, ಗ್ರೇಮ್ ಡಿವೈನ್ ಎಂಬಿಬ್ಬರು. ಇಬ್ಬರೂ ವರ್ಜಿನ್ ಕಂಪೆನಿಯ ಆಟಗಳ ವಿಭಾಗದಲ್ಲಿ ನೌಕರರಾಗಿದ್ದರು. ಇಂಥದೊಂದು ಆಟ ಮಾಡಬೇಕೆಂದು ಯೋಜನೆ ಬರೆದು ಕೊಟ್ಟಾಗ ಯಜಮಾನರು ಅವರನ್ನು ಕೆಲಸದಿಂದ ಬಿಡಿಸಿದರಂತೆ, ಹೊರಗೆ ಹೋಗಿ ನಿಮ್ಮದೇ ಕಂಪೆನಿ ಕಟ್ಟಿ ಇದನ್ನು ಮಾಡಿಕೊಡಿ ಎಂದು! ಆರೆಗಾನ್ ರಾಜ್ಯದ ಜ್ಯಾಕ್ಸನ್‌ವಿಲ್ ಎಂಬ ಪುಟ್ಟ ಊರಿನಲ್ಲಿ ಅವರು ಟ್ರೈಲೋಬೈಟ್ ಎಂಬ ಕಂಪೆನಿ ತೆರೆದರು. ಆಗಿನ ಆಟಗಳು ಸಾಮಾನ್ಯವಾಗಿ ಫ್ಲಾಪಿಗಳಲ್ಲಿ ಬರುತ್ತಿದ್ದವು. ಇದು ಎರಡು ಸೀಡಿ ಬಿಲ್ಲೆಗಳ ಮೇಲೆ ಬಂತು. ಒಂದೊಂದು ಬಿಲ್ಲೆಯಲ್ಲೂ ನಾನೂರಕ್ಕೂ ಹೆಚ್ಚು ಫ್ಲಾಪಿಗಳಷ್ಟು ಸರಕು ಹಿಡಿಯುತ್ತಿತ್ತು. ಈ ಒಂದು ಆಟಕ್ಕಾಗಿಯೇ ಕಂಪ್ಯೂಟರಿಗೆ ಸೀಡಿ ಡ್ರೈವ್ ಹಾಕಿಸಿಕೊಂಡವರು ಬಹಳ ಜನ. ಆ ಮೂಢರಲ್ಲಿ ನಾವೂ ಒಬ್ಬರು. ಕೊನೆಗೆ 20 ಲಕ್ಷಕ್ಕೂ ಮೀರಿ ಪ್ರತಿಗಳು ಖರ್ಚಾದವು.

ಕತೆ ಹೀಗಿದೆ. ಸ್ಟಾಫ್ ಎಂಬ ಅಲೆಮಾರಿ ಕೊಲೆ ಮಾಡಿ ತಲೆ ತಪ್ಪಿಸಿಕೊಂಡು ತಿರುಗುತ್ತಿದ್ದಾಗ ಕನಸಿನಲ್ಲಿ ಒಂದು ಬೊಂಬೆ ಕಾಣಿಸುತ್ತದೆ. ಅದನ್ನು ಮರದಲ್ಲಿ ಕೆತ್ತುತ್ತಾನೆ. ಕನಸಿನ ಮೇಲೆ ಕನಸು, ಬೊಂಬೆಯ ಮೇಲೆ ಬೊಂಬೆ. ದೊಡ್ಡ ವ್ಯಾಪಾರಿಯಾಗುತ್ತಾನೆ. ಆಮೇಲೆ ಆ ಬೊಂಬೆಗಳನ್ನು ಅಪ್ಪಿ ಮಲಗಿದ ಮಕ್ಕಳು ಒಂದೊಂದಾಗಿ ಕಾಯಿಲೆ ಬಿದ್ದು ಸಾಯುತ್ತವೆ. ಅಷ್ಟರಲ್ಲಿ ಅವನು ಮತ್ತೊಂದು ಕನಸಿನ ಪ್ರಕಾರ ಗುಡ್ಡದ ಮೇಲೆ ವಿಚಿತ್ರವಾದ ಬಂಗಲೆ ಕಟ್ಟಿಸಿಕೊಂಡು ಬಾಗಿಲು ಹಾಕಿಕೊಂಡಿರುತ್ತಾನೆ. ಒಂದು ರಾತ್ರಿ ಆರು ಜನ ಅತಿಥಿಗಳಿಗೆ ಕರೆ ಹೋಗುತ್ತದೆ. ಅವರು ಒಬ್ಬೊಬ್ಬರಿಗೂ ಒಂದೊಂದು ಆಸೆ. ಏಳನೆಯವನು ಯಾರು ಎಂಬುದೇ ಪ್ರಶ್ನೆ. ಆಡುವವರು ಪಾಳುಬಿದ್ದ ಆ ಮನೆಯೊಳಗೆ ಕೋಣೆಯಿಂದ ಕೋಣೆಗೆ ತಿರುಗಬೇಕು. ಪ್ರತಿ ಕೋಣೆಯಲ್ಲೂ ಒಂದು ಒಗಟು, ಬಿಡಿಸಿದರೆ ಆ ರಾತ್ರಿ ನಡೆದದ್ದರ ಒಂದು ತುಣುಕು ಕಣ್ಣೆದುರು ಬರುತ್ತದೆ. ನಿಜವಾದ ನಟರನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಬರೆದ ಮನೆಯೊಳಗೆ ಕೂಡಿಸಿದ್ದರು. ನೀಲಿ ಸರಿಯಾಗಿ ಅಳಿಸಿಹೋಗದೆ ಅಂಚಿನಲ್ಲಿ ಮಬ್ಬು ಉಳಿಯಿತು. ಇರಲಿ, ದೆವ್ವಗಳಲ್ಲವೆ, ಹಾಗೇ ಇರುವುದೇ ಲಕ್ಷಣ ಎಂದು ಬಿಟ್ಟರು. ನಟನೆಯನ್ನು ಮಾತ್ರ ನಾವು ಹೊಗಳಲಾರೆವು. ನಮ್ಮ ಸಂಘದ ನಾಟಕಗಳೇ ವಾಸಿ, ಅಲ್ಲಿ ಮಾತು ಮರೆತರೂ ಮುಖದಲ್ಲಿ ಭಾವವಿರುತ್ತದೆ.

ನಮ್ಮ ಮನೆಯಾಕೆಗೆ ಇದು ಮೊದಲ ದಿನವೇ ಹಿಡಿಸಲಿಲ್ಲ. ಆಟವನ್ನು ನಿಲ್ಲಿಸಿ ಎತ್ತಿಡಬೇಕಾದರೆ ಪ್ರೇತಗಳನ್ನು ಕರೆಯುವ ಊಯಿಜಾ ಹಲಗೆಯ ಮೇಲೆ ಕೈಯಾಡಿಸಬೇಕು. ದಾರಿ ತೋರಿಸುವುದು ಎಲುಬಿನ ಕೈ. ಹೋಗಬಾರದ ಕಡೆಗೆ ಹೋದರೆ ಬೆರಳನ್ನು ಅತ್ತಿತ್ತ ಆಡಿಸುತ್ತದೆ. ಒಗಟು ಇರುವಲ್ಲಿ ಮಿದುಳು ಮಿಡಿಯುವ ತಲೆಬುರುಡೆ. "ದೀಪ ಹಚ್ಚೋ ಹೊತ್ತಿನಲ್ಲಿ ಮನೇಲಿ ದೆವ್ವ ನಗಬೇಕೆ? ಊರಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ಓಡಿಸ್ತಾರೆ. ನೀವು ದುಡ್ಡು ಕೊಟ್ಟು ಒಳಗೆ ಕರೆದಿದ್ದೀರಿ" ಎಂದಳು. ಉತ್ತರ ಇರಲಿಲ್ಲ. ದೀಪ ಹಚ್ಚಿದ ಅರ್ಧ ಗಂಟೆ ಆಟ ಬಂದ್ ಎಂದು ಒಪ್ಪಂದವಾಯಿತು.

ಅಣ್ಣ ಅದರ ಬಳಿ ಬಂದದ್ದು ಎರಡನೆಯ ದಿನ, ಶಾಲು, ಮಂಕಿ ಟೋಪಿ ಸಮೇತ. ಹುಡುಗ ಊಟದ ಕೋಣೆಯ ಒಗಟಿನಲ್ಲಿ ಸಿಕ್ಕಿಕೊಂಡಿದ್ದ. ಮೇಜಿನ ಮೇಲೆ ಒಂದು ಕೇಕು, ಐದಾರಲೆ ಮೂವತ್ತು ಚೌಕ. ಕೆಲವು ಚೌಕಗಳ ಮೇಲೆ ತಲೆಬುರುಡೆ, ಕೆಲವುಗಳ ಮೇಲೆ ಗೋರಿಕಲ್ಲು, ಉಳಿದವು ಬರಿದು. ಆರು ಪಾಲು ಮಾಡಬೇಕು. ಪ್ರತಿ ಪಾಲಿಗೂ ಎರಡು ಬುರುಡೆ, ಎರಡು ಕಲ್ಲು, ಒಂದು ಬರಿ ಚೌಕ, ಐದೂ ಒಂದಕ್ಕೊಂದು ಅಂಟಿಕೊಂಡಿರಬೇಕು. ಅಣ್ಣ ಸ್ವಲ್ಪ ಹೊತ್ತು ನಿಂತು ನೋಡಿದರು. "ಅಣ್ಣತಮ್ಮಂದಿರ ಪಾಲುಪಟ್ಟಿ ಇದ್ದ ಹಾಗಿದೆಯಲ್ಲೋ ಮರಿ! ಮೂಲೆಯಿಂದ ಶುರು ಮಾಡು. ಮೂಲೆ ಚೌಕಕ್ಕೆ ನೆಂಟರು ಕಡಿಮೆ, ಅದು ಯಾರ ಜೊತೆ ಹೋಗಬೇಕು ಅನ್ನೋದು ಬೇಗ ತಿಳಿಯುತ್ತೆ" ಎಂದರು. ಹುಡುಗನಿಗೆ ನೆಂಟರು ಎಂದರೆ ಯಾರೆಂದು ವಿವರಿಸಬೇಕಾಯಿತು. ಅರ್ಧ ಗಂಟೆಯಲ್ಲಿ ಕೇಕು ಪಾಲಾಯಿತು. ಅಣ್ಣ ಕುರ್ಚಿ ಎಳೆದುಕೊಂಡರು.

ಅಲ್ಲಿಂದ ಮುಂದೆ ನಾವು ಕೆಲಸದಿಂದ ಬರುವ ಹೊತ್ತಿಗೆ ಒಂದು ಕುರ್ಚಿಯ ಜಾಗದಲ್ಲಿ ಎರಡು ಕುರ್ಚಿ. ಅಡಿಗೆ ಮನೆಯ ಒಗಟಿನಲ್ಲಿ ಕಪಾಟಿನ ತುಂಬ ಡಬ್ಬಗಳು, ಒಂದೊಂದರ ಮೇಲೂ ಒಂದೊಂದು ಇಂಗ್ಲಿಷ್ ಅಕ್ಷರ. ಜೋಡಿಸಿ ವಾಕ್ಯ ಮಾಡಬೇಕು. ಎ, ಇ, ಐ, ಒ, ಯು ಒಂದೂ ಇಲ್ಲ! ಸ್ವರವಿಲ್ಲದೆ ಮಾತು ಹೇಗೆ? ನಮ್ಮ ಕಾಗುಣಿತದವರಿಗಂತೂ ಎದೆ ಒಡೆಯುವ ವಿಚಾರ. ಅಣ್ಣ ಮಾತ್ರ ಮೇಷ್ಟರ ಗತ್ತಿನಲ್ಲಿ, "ವೈ ಇದೆಯಲ್ಲ. ಕೆಲವು ಸಲ ವೈ ಕೂಡ ಸ್ವರಾನೇ. ಸ್ಕೈ, ಕ್ರೈ, ಕ್ರಿಪ್ಟ್. ನಿಮ್ಮ ಸ್ಕೂಲಲ್ಲಿ ಇದನ್ನ ಹೇಳಿಕೊಡಲ್ವೆ?" ಎಂದರು. ವಾಕ್ಯ ಬಂತು. ಸಂಗೀತದ ಕೋಣೆಯಲ್ಲಿ ಪಿಯಾನೋ ಒಂದೊಂದೇ ಸ್ವರ ಉದ್ದ ಮಾಡುತ್ತ ಹೋಗುತ್ತದೆ, ಕೇಳಿದಂತೆಯೇ ತಿರುಗಿ ನುಡಿಸಬೇಕು. ತಾತ ಮೊಮ್ಮಗ ಇಬ್ಬರೂ ಸೋತು ಕೂತಿದ್ದಾಗ, ಹುಳಿಗೆ ಒಗ್ಗರಣೆ ಹಾಕುತ್ತಿದ್ದ ನಮ್ಮ ಮನೆಯಾಕೆ ಕೈ ಒರೆಸಿಕೊಂಡು ಬಂದು, ಹುಡುಗಿಯಾಗಿದ್ದಾಗ ಕಲಿತ ವೀಣೆಯನ್ನು ನೆನೆದು, ಸರಿಗಮ ಬರೆದುಕೊಂಡು ಒಂದೇ ಏಟಿಗೆ ನುಡಿಸಿ, ಒಂದು ಮಾತೂ ಆಡದೆ ಒಗ್ಗರಣೆಗೆ ಮರಳಿದಳು. ದೆವ್ವಗಳ ಮೇಲಿನ ಅವಳ ದೂರು ಅಂದಿನಿಂದ ಕಡಿಮೆಯಾಯಿತು.

ಸೂಕ್ಷ್ಮದರ್ಶಕದ ಒಗಟೊಂದಿದೆ. ಅದರಲ್ಲಿ ಯಂತ್ರವೇ ಎದುರಾಳಿ. ನಾವೆಲ್ಲ ಸೋತೆವು, ಎಷ್ಟು ಸಲ ಎಂದು ಬರೆಯುವುದಿಲ್ಲ.

ಆದರೆ ಅಣ್ಣನ ಮನಸ್ಸು ನಿಂತದ್ದು ಚದುರಂಗದ ಒಗಟುಗಳ ಮೇಲೆ. ಒಂದರಲ್ಲಿ ಎಂಟು ರಾಣಿಯರನ್ನು ಯಾರೂ ಯಾರನ್ನೂ ಹೊಡೆಯದ ಹಾಗೆ ಇಡಬೇಕು. ಇದು 1848ರಲ್ಲಿ ಮ್ಯಾಕ್ಸ್ ಬೆಟ್ಸೆಲ್ ಎಂಬ ಜರ್ಮನಿಯ ಚದುರಂಗಗಾರ ಕೇಳಿದ ಪ್ರಶ್ನೆ. ಗಾಸ್‌ನಂಥ ಗಣಿತಜ್ಞನೇ ಇದಕ್ಕೆ ತಲೆಕೊಟ್ಟಿದ್ದ. ಒಟ್ಟು 92 ಉತ್ತರಗಳಿವೆ. ನಮ್ಮಲ್ಲಿ ರಾಣಿ ಎಲ್ಲಿ, ಅದು ಮಂತ್ರಿ ತಾನೆ? "ಎಂಟು ಜನ ಮಂತ್ರಿಗಳು ಒಬ್ಬರ ಕಣ್ಣಿಗೊಬ್ಬರು ಬೀಳದ ಹಾಗೆ! ವಿಧಾನಸೌಧದಲ್ಲೇ ಆಗದ ಕೆಲಸ" ಎಂದು ಅಣ್ಣ ನಕ್ಕರು. ಇನ್ನೊಂದರಲ್ಲಿ ಬಿಳಿ ಕುದುರೆ ಕರಿ ಕುದುರೆಗಳು ಜಾಗ ಬದಲಾಯಿಸಬೇಕು. ಅದು ಬಿಡಿಸಿದ ರಾತ್ರಿ ಅಣ್ಣ ಮೊಮ್ಮಗನಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ವಿಷಯ ಹೇಳಿದರು. 1868ರಲ್ಲಿ ತೀರಿಕೊಂಡ ಈ ಮಹಾರಾಜರಿಗೆ ಮಣೆಯಾಟಗಳ ಹುಚ್ಚು. ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ದಾರಿಗಳನ್ನು ಕಟ್ಟಿದವರು. ಕುದುರೆ ಕಾಲಿಟ್ಟ ಕ್ರಮದಲ್ಲಿ ಮನೆಗಳಿಗೆ ಅಂಕಿ ಬರೆದರೆ ಯಾವ ಅಡ್ಡಸಾಲು ಕೂಡಿದರೂ 260, ಯಾವ ಉದ್ದಸಾಲು ಕೂಡಿದರೂ 260 ಬರುವಂಥ ದಾರಿಯೂ ಅದರಲ್ಲುಂಟು. "ನಮ್ಮೂರ ರಾಜರೇ?" ಎಂದು ಹುಡುಗ ಕೇಳಿದ. ಹುಟ್ಟಿದ್ದು ಇಲ್ಲಿ. 'ನಮ್ಮೂರು' ಎಂಬ ಮಾತು ಅವನ ಬಾಯಲ್ಲಿ ಬಂದದ್ದನ್ನು ನಾವು ಕೇಳಿದ್ದು ಅದೇ ಮೊದಲು.

ಟಿಕೆಟ್ಟಿನ ಮಾತನ್ನು ಅಣ್ಣ ಮತ್ತೆ ಎತ್ತಿರಲಿಲ್ಲ.

ಫೆಬ್ರವರಿಯಲ್ಲಿ ಒಂಟೆಗಳು ಬಂದವು. ಬಿಷಪ್ ಎಂದ ಹುಡುಗ. "ಒಂಟೆ ಕಣೋ" ಎಂದರು ತಾತ. ನಾಲ್ಕು ಮನೆ ಅಗಲ, ಐದು ಮನೆ ಉದ್ದದ ಪುಟ್ಟ ಮಣೆ. ಒಂದು ತುದಿಯಲ್ಲಿ ನಾಲ್ಕು ಬಿಳಿ ಒಂಟೆ, ಇನ್ನೊಂದು ತುದಿಯಲ್ಲಿ ನಾಲ್ಕು ಕರಿ. ಎರಡು ಪಾಳೆಯವೂ ಪರಸ್ಪರ ಜಾಗ ಬದಲಾಯಿಸಬೇಕು. ಯಾವ ಹಂತದಲ್ಲೂ ಎದುರು ಬಣ್ಣದ ಒಂಟೆಯ ಓರೆ ದಾರಿಯಲ್ಲಿ ಬಂದು ನಿಲ್ಲಬಾರದು. ಇಂಗ್ಲೆಂಡಿನ ಒಗಟುಗಾರ ಹೆನ್ರಿ ಡ್ಯೂಡ್ನಿ 1917ರ ತನ್ನ ಪುಸ್ತಕದಲ್ಲಿ ಇದನ್ನೇ ಕೊಟ್ಟಿದ್ದಾನೆ. ಅಲ್ಲಿ ಬಿಳಿ ಒಂದು, ಕರಿ ಒಂದು ಎಂದು ಸರದಿಯಲ್ಲಿ ನಡೆಸಬೇಕೆಂಬ ಕಟ್ಟು ಬೇರೆ. ನೋಡಲು ಎಂಟೇ ಕಾಯಿ. ವಾರ ಕಳೆದರೂ ಬಿಡಲಿಲ್ಲ. ಹುಡುಗ ಸ್ಕೂಲಿಗೆ ಹೋದ ಮೇಲೆ ಅಣ್ಣ ಕಾಗದದ ಮೇಲೆ ಮಣೆ ಬರೆದು, ನಾಲ್ಕು ಅವರೆಕಾಳು ನಾಲ್ಕು ಕಡಲೆಕಾಳು ಇಟ್ಟುಕೊಂಡು ಸರಿಸುತ್ತ ಕೂರುತ್ತಿದ್ದರು.

ಆ ಮನೆಯ ಲೈಬ್ರರಿಯಲ್ಲಿ ಒಂದು ಪುಸ್ತಕವಿದೆ. ಒಗಟಿನಲ್ಲಿ ಸೋತವರು ಹೋಗಿ ನೋಡಬಹುದು. ಮೊದಲೆರಡು ಸಲ ಸುಳಿವು ಕೊಡುತ್ತದೆ. ಮೂರನೆಯ ಸಲ ಮುಟ್ಟಿದರೆ ಒಗಟನ್ನು ತಾನೇ ಬಿಡಿಸಿ ಮುಂದಿನ ದಾರಿ ತೆರೆದುಬಿಡುತ್ತದೆ. ಅದನ್ನು ಮುಟ್ಟಬಾರದು ಎಂದು ತಾತ ಮೊಮ್ಮಗ ಮೊದಲೇ ಮಾತಾಡಿಕೊಂಡಿದ್ದರು. ಒಂದು ಶನಿವಾರ ಬೆಳಿಗ್ಗೆ ಅಣ್ಣ ಸ್ನಾನ ಮುಗಿಸಿ ಬಂದು ನೋಡಿದರೆ ಒಂಟೆಗಳ ಒಗಟು ಬಿಟ್ಟಿದೆ, ಹುಡುಗ ಇನ್ನೊಂದು ಕೋಣೆಯಲ್ಲಿದ್ದಾನೆ.

"ಯಾರೋ ಬಿಡಿಸಿದ್ದು?"

"ನಾನೇ ತಾತ. ರಾತ್ರಿ."

ಅಣ್ಣನ ಮುಖ ಎಷ್ಟು ಅರಳಿತೆಂದರೆ ನಮಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ. ಕಾಗದದ ಮಣೆ, ಕಾಳು ತಂದು ಮುಂದಿಟ್ಟರು. "ಭಲೆ! ತೋರಿಸು ನೋಡೋಣ." ಹುಡುಗ ಎರಡು ಕಾಳು ಸರಿಸಿದ. ಮೂರನೆಯದಕ್ಕೆ ಕೈ ನಿಂತಿತು. ಯಾರೂ ಮಾತಾಡಲಿಲ್ಲ. ಅಣ್ಣ ಕಾಳುಗಳನ್ನು ಒಟ್ಟು ಮಾಡಿ ಡಬ್ಬಿಗೆ ಹಾಕಿ ಕಿಟಕಿಯ ಕುರ್ಚಿಗೆ ಹೋದರು. ಅಂದು ರಾತ್ರಿ ಊಟಕ್ಕೆ ಕೂತಾಗ, "ಟಿಕೆಟ್ಟಿನ ವಿಚಾರ ಏನಾಯ್ತಪ್ಪ?" ಎಂದರು.

ಮೂರು ದಿನ ಮನೆ ಆ ಬಂಗಲೆಯ ಹಾಗೇ ಇತ್ತು. ನಾಲ್ಕನೆಯ ದಿನ ಅವನ ತಾಯಿ ಏನು ಹೇಳಿ ಕಳಿಸಿದಳೋ, ಹುಡುಗ ಕಿಟಕಿಯ ಬಳಿ ಹೋಗಿ ನಿಂತು, "ತಾತ, ನಾನು ಸುಳ್ಳು ಹೇಳಿದೆ, ಸಾರಿ" ಎಂದ. ಅಣ್ಣ ಅವನ ಕೈ ಹಿಡಿದುಕೊಂಡರು. "ಸುಳ್ಳಿಗೆ ಬೇಜಾರಿಲ್ಲ ಮರಿ. ಮಕ್ಕಳು ಹೇಳ್ತವೆ, 34 ವರ್ಷ ಕೇಳಿದ್ದೀನಿ. ನನ್ನ ಒಬ್ಬನ್ನೇ ಬಿಟ್ಟು ಮುಂದಿನ ಕೋಣೆಗೆ ಹೋಗಿಬಿಟ್ಯಲ್ಲ, ಅದಕ್ಕೆ" ಎಂದರು. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ನಮಗೆ ಆ ಮಾತು ಕೇಳಿಸಿತು. ಅದು ಹುಡುಗನೊಬ್ಬನಿಗೇ ಹೇಳಿದ ಮಾತೆಂದು ನಮಗೆ ಅನ್ನಿಸಲಿಲ್ಲ.

ಉಳಿದ ಕೋಣೆಗಳನ್ನು ಇಬ್ಬರೂ ಕೂಡಿಯೇ ಮುಗಿಸಿದರು. ಮಾರ್ಚ್ ಕೊನೆಗೆ ಆಟ ಮುಗಿಯಿತು. ಏಳನೆಯ ಅತಿಥಿ ಟ್ಯಾಡ್ ಎಂಬ ಪುಟ್ಟ ಹುಡುಗ. ಅಷ್ಟು ಹೊತ್ತೂ ಆ ಮನೆಯಲ್ಲಿ ತಿರುಗುತ್ತಿದ್ದ ನಾವೇ ಆ ಹುಡುಗನ ಜೀವ! ನಮ್ಮ ಮಗ ಕೂಗಿ ಕುಣಿದ. ಅಣ್ಣ, "ದೊಡ್ಡವರು ಆರು ಜನರೂ ಆಸೆಗೆ ಬಿದ್ದು ಬಂದವರು. ಈ ಮಗೂಗೆ ಯಾವ ಆಸೆ ಇತ್ತು ಪಾಪ" ಎಂದರು.

ಏಪ್ರಿಲ್‌ನಲ್ಲಿ, ಮೊದಲೇ ಗೊತ್ತಾಗಿದ್ದ ತಾರೀಖಿಗೇ ಹೊರಟರು. ಕೈಚೀಲದಲ್ಲಿ ಕಾಗದದ ಮಣೆ, ಎಂಟು ಕಾಳು.

ಜೂನಿನಲ್ಲಿ ಮೊಮ್ಮಗನ ಹೆಸರಿಗೆ ಏರೋಗ್ರಾಮ್ ಬಂತು. ಒಂಟೆಗಳು ಬಿಟ್ಟಿದ್ದವು. ಮನೆಗಳಿಗೆ ಒಂದರಿಂದ ಇಪ್ಪತ್ತರವರೆಗೆ ಅಂಕಿ ಹಾಕಿ, ಬಿಳಿಗೆ 18, ಕರಿಗೆ 18, ಒಟ್ಟು 36 ನಡೆಗಳನ್ನು ಮೇಷ್ಟರ ಅಕ್ಷರದಲ್ಲಿ ಬರೆದಿದ್ದರು. ಮೊದಲನೆಯದು ಬಿಳಿ 18ರಿಂದ 15ಕ್ಕೆ, ಕರಿ 3ರಿಂದ 6ಕ್ಕೆ. ಅಷ್ಟು ಹೊತ್ತಿಗೆ ಹುಡುಗ ಬೇಸ್‌ಬಾಲ್ ಹಿಡಿದಿದ್ದ. ನೋಡಿ "ಕೂಲ್" ಎಂದ. ಕಾಗದ ಒಂದು ತಿಂಗಳು ಫ್ರಿಜ್ಜಿನ ಬಾಗಿಲ ಮೇಲಿದ್ದು ಆಮೇಲೆ ನಮ್ಮ ಫೈಲು ಸೇರಿತು. ಮುಂದಿನ ಪತ್ರದಲ್ಲಿ ಅಣ್ಣ ನಮಗೆ ಬರೆದರು: ಮರಿ ಒಂಟೆಗಳನ್ನು ನಡೆಸಿ ನೋಡಿದನೆ, ಸರಿಬಂತೆ? ನಾವು ಉತ್ತರ ಬರೆದೆವು: ನಡೆಸಿ ನೋಡಿದ, ಎಲ್ಲ ಸರಿಬಂತು, ಬಹಳ ಖುಷಿಪಟ್ಟ. ಅಣ್ಣ 1997ರಲ್ಲಿ ಹೋದರು. ಹುಡುಗನ ಸುಳ್ಳು ನಾಲ್ಕು ದಿನಕ್ಕೆ ಬಯಲಾಯಿತು. ನಮ್ಮದು ಹಾಗೇ ಉಳಿಯಿತು.

ಟ್ರೈಲೋಬೈಟಿನವರು 1995ರಲ್ಲಿ 'ದಿ ಇಲೆವೆಂತ್ ಅವರ್' ಎಂಬ ಮುಂದಿನ ಭಾಗ ತಂದರು. ನಾವು ಕೊಳ್ಳಲಿಲ್ಲ. 2023ರಲ್ಲಿ ಮೊದಲ ಆಟವನ್ನೇ ಕಣ್ಣಿಗೆ ಯಂತ್ರ ಕಟ್ಟಿಕೊಂಡು ಆಡುವ ಹಾಗೆ ಹೊಸದಾಗಿ ಮಾಡಿದ್ದಾರೆ. ಹಳೆಯದನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವುದಕ್ಕೂ ಸ್ಕಮ್‌ವಿಎಂ ಎಂಬ ಉಪಾಯವಿದೆ. ಕಳೆದ ಚಳಿಗಾಲದಲ್ಲಿ ನಮ್ಮ ಮಗ ಅದನ್ನು ಹಾಕಿಕೊಂಡು ತನ್ನ ಮಗಳಿಗೆ ತೋರಿಸಿದ್ದಾನೆ. ಒಂದು ಭಾನುವಾರ ಫೋನು ಬಂತು. "ಅಪ್ಪ, ತಾತನ ಕಾಗದ ಇದೆಯಾ? ಒಂಟೆಗೆ ಬಂದಿದ್ದೀವಿ. ಪುಸ್ತಕ ಮುಟ್ಟಬಾರದು ಅಂತ ಇವಳಿಗೆ ಹೇಳಿಬಿಟ್ಟಿದ್ದೀನಿ."

ಇತ್ತು. ಮಡಿಕೆಗಳು ಹಳದಿಯಾಗಿ ಬಿರುಕು ಬಿಟ್ಟಿದ್ದವು. ಒಂದೊಂದೇ ನಡೆ ಓದಿ ಹೇಳಿದೆವು. ಅವರು ಊಟದ ಮೇಜಿನ ಮೇಲೆ ಕಾಳು ಇಟ್ಟುಕೊಂಡಿದ್ದರು. ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು. ಈ ಉತ್ತರ ಸರಿಯೋ ತಪ್ಪೋ ಇಷ್ಟು ವರ್ಷದಲ್ಲಿ ಒಬ್ಬರೂ ನೋಡಿರಲಿಲ್ಲವಲ್ಲ! ಹನ್ನೊಂದನೆಯದಕ್ಕೆ ಬಂದಾಗ ನಿಂತೆವು. ಬಿಳಿಯ ನಡೆ ಇದ್ದ ಜಾಗ ಮಡಿಕೆಯಲ್ಲಿ ಹರಿದುಹೋಗಿದೆ, ಕರಿಯದು ಮಾತ್ರ ಉಳಿದಿದೆ ಎಂದೆವು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೊಮ್ಮಗಳ ದನಿ, ಇಂಗ್ಲಿಷು ಕನ್ನಡ ಬೆರೆಸಿ: "ತಾತ, ಮುತ್ತಾತ ಸುಮ್ಮನೆ ಬರೆದಿಲ್ಲ. ಬಿಳಿ 18 ಆದರೆ ಕರಿ 3. ಬಿಳಿ 15 ಆದರೆ ಕರಿ 6. ಎರಡೂ ಕೂಡಿದರೆ ಯಾವಾಗಲೂ 21. ಕರಿಯದು ಹೇಳಿ, ಬಿಳಿಯದು ನಾನು ಕಳೆದುಕೋತೀನಿ."

ಹೇಳಿದೆವು. ಇನ್ನು ಏಳು ಜೋಡಿ ನಡೆ ಉಳಿದಿತ್ತು. ಕೊನೆಯದನ್ನು ಓದಿದ ಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡು ಕಾದೆವು.

"ಅಪ್ಪ, ಎಂಟೂ ಬಂದವು" ಎಂದ ನಮ್ಮ ಮಗ.

ಹಿತ್ತಿಲ ತರಕಾರಿ ಮುಂದಿನ ಸಂಚಿಕೆಗೆ.